ಉದ್ಯಮಬಾಗ್ ಸೂಪರ್‌ವೈಸರ್‌ಗಳ ಉಬುಂಟು ತರಬೇತಿ: ಬೆಳಗಿನ ಪಾಠ ಚೊಲೋ, ಮಧ್ಯಾಹ್ನದ್ದು ಅರ್ಧಂಬರ್ಧ

ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿ (ಲೋಹದ ಎರಕದ ಕಾರ್ಖಾನೆ) ಸೂಪರ್‌ವೈಸರ್‌ಗಳಿಗೆ ಆಫ್ರಿಕಾದ ಉಬುಂಟು, ಅಂದರೆ 'ಇತರರಿಂದಲೇ ಮನುಷ್ಯ ಮನುಷ್ಯನಾಗುತ್ತಾನೆ' ಎಂಬ ಚಿಂತನೆಯ ಮೇಲೆ ನಡೆಯುವ ಒಂದು ದಿನದ ತರಬೇತಿ ಇದು. ಕೊಟ್ಟ ಫೀ ಬೆಳಗಿನ ಅವಧಿಯಲ್ಲೇ ವಸೂಲಾಗುತ್ತದೆ.

ಬೆಳಗ್ಗೆ ಕಲಿಸುವುದು ಶಿಫ್ಟ್ ಸಭೆ. ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಬೆಳೆದದ್ದು ಅಲ್ಲಿನ ಥೆಂಬು ಜನರ ರಾಜಪ್ರತಿನಿಧಿ ಜೊಂಗಿಂಟಾಬಾ ಅವರ ಮನೆಯಲ್ಲಿ. ಆ ಮನೆಯ ಸಭೆಗಳಲ್ಲಿ, ಕರೆದ ಕಾರಣ ಹೇಳಿದ ಮೇಲೆ, ಬಂದವರೆಲ್ಲ ಮಾತಾಡಿ ಮುಗಿಸುವವರೆಗೆ ಜೊಂಗಿಂಟಾಬಾ ತುಟಿ ಬಿಚ್ಚುತ್ತಿರಲಿಲ್ಲ. ಅದೇ ಕ್ರಮವನ್ನು ಇಲ್ಲಿ ಶಾಪ್‌ ಫ್ಲೋರಿಗೆ ತಂದಿದ್ದಾರೆ: ಹತ್ತು-ಹನ್ನೆರಡು ಮಂದಿ, ಹತ್ತು ನಿಮಿಷ, ನಿಂತುಕೊಂಡೇ. ಮೊದಲು ಮಾತಾಡುವವನು ಹೊಸ ಹೆಲ್ಪರ್, ಆಮೇಲೆ ಮರಳಿನ ಅಚ್ಚು ಮಾಡುವ ಮೋಲ್ಡರ್, ಫರ್ನೇಸ್‌ನವರು, ಕೊನೆಗೆ ಸೂಪರ್‌ವೈಸರ್.

ಬ್ಲೋಹೋಲ್ (ಒಳಗೆ ಗಾಳಿ ಸಿಕ್ಕಿ ಆದ ತೂತು) ಬಿದ್ದು ರಿಜೆಕ್ಟ್ ಆದ ಕಾಸ್ಟಿಂಗ್ (ಎರಕದ ತುಂಡು) ಒಂದನ್ನು ಕೈಗೆ ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ಸೂಪರ್‌ವೈಸರ್ ಮೊದಲೇ "ವೆಂಟ್ ಸರಿ ಚುಚ್ಚಿಲ್ಲ" (ಅಚ್ಚಿನಲ್ಲಿ ಗಾಳಿ ಹೋಗುವ ರಂಧ್ರ) ಅಂದರೆ ಎಲ್ಲರೂ "ಹೌದ್ರಿ ಸಾಹೇಬ್ರ" ಅಂದು ಸುಮ್ಮನಾಗುತ್ತಾರೆ. ಹೆಲ್ಪರ್‌ನಿಂದ ಶುರುವಾದರೆ "ಮರಳು ಹಸಿ ಇತ್ರೀ" ಎಂಬ ಮಾತು ಹೊರಬರುತ್ತದೆ. ಅಚ್ಚು ಮಾಡುವ ಹಸಿ ಮರಳಾದ ಗ್ರೀನ್ ಸ್ಯಾಂಡ್‌ನಲ್ಲಿ ತೇವ ಸಾಮಾನ್ಯವಾಗಿ ಶೇ. 3ರಿಂದ 4 ಇರಬೇಕು. ಅದು ಮೀರಿದರೆ ಹಬೆ ಹೊರಹೋಗಲು ದಾರಿ ಸಿಗದೆ ಲೋಹದಲ್ಲೇ ಉಳಿಯುತ್ತದೆ. ಮರಳನ್ನು ದಿನವಿಡೀ ಕೈಯಲ್ಲಿ ಹಿಡಿಯುವವನಿಗೆ ಅದು ಮೊದಲೇ ಗೊತ್ತಿರುತ್ತದೆ, ಕೇಳುವವರಿರಬೇಕು ಅಷ್ಟೆ.

ಆದರೆ ಕರಗಿದ ಲೋಹ ಹೊರುವ ಲ್ಯಾಡಲ್ ಸೋರಿದಾಗ ಸಭೆ ಕೂಡುವ ಹಾಗಿಲ್ಲ, ಕೆಲಸ ಆ ಕ್ಷಣವೇ ನಿಲ್ಲಬೇಕು. ಈ ಮಾತನ್ನು ತರಬೇತುದಾರರು ಹೇಳುವುದೇ ಇಲ್ಲ. ಇದು ದೊಡ್ಡ ಕೊರತೆ.

ಮಧ್ಯಾಹ್ನದ ವಿಷಯ ಕ್ಷಮೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಕಾಲದ ಅಪರಾಧಗಳನ್ನು ವಿಚಾರಿಸಿದ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗವನ್ನು ತೋರಿಸಿ "ತಪ್ಪು ಮಾಡಿದವನನ್ನು ಕ್ಷಮಿಸಿ, ನಾವೆಲ್ಲ ಒಂದೇ ಮನೆಯವರು" ಎಂದು ಮುಗಿಸುತ್ತಾರೆ. ಆ ಆಯೋಗ ಯಾರನ್ನೂ ಹಾಗೆ ಸುಮ್ಮನೆ ಬಿಟ್ಟಿರಲಿಲ್ಲ. ಕ್ಷಮಾದಾನಕ್ಕೆ ಬಂದ ಅರ್ಜಿಗಳು 7 ಸಾವಿರಕ್ಕೂ ಹೆಚ್ಚು, ಹೆಚ್ಚಿನವು ತಿರಸ್ಕೃತವಾದವು. ಪೂರ್ತಿ ಸತ್ಯ ಹೇಳುವುದು ಕಡ್ಡಾಯವಾಗಿತ್ತು. ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಮುರಿದು ಮುಚ್ಚಿಟ್ಟವನ ವಿಷಯದಲ್ಲೂ ಅದೇ ಆಗಬೇಕು: ಏನಾಯಿತು ಎಂದು ಅವನೇ ಹೇಳಬೇಕು, ಅದರಿಂದ ತೊಂದರೆಗೊಳಗಾದ ಮಶೀನ್ ಶಾಪ್‌ನವರು ಎದುರಿಗಿರಬೇಕು, ದುರಸ್ತಿಗೆ ತಾರೀಖು ಗೊತ್ತಾಗಬೇಕು. ಈ ಮೂರೂ ಇಲ್ಲದ ಕ್ಷಮೆಯಿಂದ ನಿಯತ್ತಿನಿಂದ ದುಡಿಯುವವನ ಮನಸ್ಸು ಮುರಿಯುತ್ತದೆ.

"ಒಂದೇ ಮನೆಯವರು" ಎಂಬ ಮಾತಿಗೆ ಇನ್ನೊಂದು ಅಪಾಯವೂ ಇದೆ. ಓವರ್‌ಟೈಮ್‌ಗೆ ಕಾನೂನು ಹೇಳುವ ದುಪ್ಪಟ್ಟು ದರ ಕೇಳಿದವನ ಬಾಯಿ ಮುಚ್ಚಿಸಲು ಮಾಲೀಕರು ಇದೇ ಮಾತನ್ನು ಬಳಸಬಹುದು. ಉಬುಂಟು ಎತ್ತಿ ಹಿಡಿಯುವುದು ಮನುಷ್ಯನ ಘನತೆಯನ್ನು. 1995ರಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಮರಣದಂಡನೆಯನ್ನು ರದ್ದು ಮಾಡಿದಾಗ ನ್ಯಾಯಮೂರ್ತಿಗಳು ಉಬುಂಟುವನ್ನು ನೆನೆದದ್ದು ಇದೇ ಕಾರಣಕ್ಕೆ.

ಕೊಡುವ ಪುಸ್ತಿಕೆ ಇಂಗ್ಲಿಷಿನಲ್ಲಿದೆ, ಕನ್ನಡ-ಮರಾಠಿ-ಹಿಂದಿ ಬೆರೆಸಿ ಮಾತಾಡುವ ಫ್ಲೋರಿನಲ್ಲಿ ಅದು ಉಪಯೋಗಕ್ಕೆ ಬಾರದು. ಸೂಪರ್‌ವೈಸರ್‌ಗಳನ್ನು ಕಳಿಸಬಹುದು, ಆದರೆ ಗುತ್ತಿಗೆ ಕಾರ್ಮಿಕರನ್ನೂ ಶಿಫ್ಟ್ ಸಭೆಗೆ ಸೇರಿಸಲು ಮ್ಯಾನೇಜ್‌ಮೆಂಟ್ ಒಪ್ಪಿದ ಮೇಲೆಯೇ ಫೀ ಕಟ್ಟಿ. ಬಹಳಷ್ಟು ಕಡೆ ಮರಳು ಹಿಡಿಯುವ ಕೈ ಅವರದೇ.