ಸ್ಸಾಲ್ ಗಾಂಗ್‌ಜಾಂಗ್‌ಗೆ ದಾವಣಗೆರೆ ಮಂಡಕ್ಕಿ ಆಗುತ್ತಾ?

ಆಗುತ್ತೆ. ಆದರೆ ಚೀಲದಿಂದ ತೆಗೆದು ಹಾಗೇ ಪಾಕಕ್ಕೆ ಸುರಿದರೆ ಆಗಲ್ಲ.

ಕೊರಿಯಾದವರು ಸೊಲ್ಲಾಲ್ (ಹೊಸ ವರ್ಷ), ಚುಸೊಕ್ (ಸುಗ್ಗಿ) ಹಬ್ಬಗಳಿಗೆ ಮಾಡುವ ಈ ಅಕ್ಕಿ ಮಿಠಾಯಿಯ ಹಳೇ ಕ್ರಮದಲ್ಲಿ ಅನ್ನವನ್ನು ತೊಳೆದು, ಒಣಗಿಸಿ, ಎಣ್ಣೆಯಲ್ಲಿ ಅರಳಿಸಿ ಪಾಕಕ್ಕೆ ಹಾಕುತ್ತಾರೆ. ನಮ್ಮ ಭಟ್ಟಿ ಮಂಡಕ್ಕಿ ಬಿಸಿ ಮರಳಲ್ಲಿ ಹುರಿದದ್ದು, ಎಣ್ಣೆಯಿಲ್ಲ, ಉಪ್ಪಿದೆ. ಹಾಗಾಗಿ ಮಂಡಕ್ಕಿಯದು ಹಗುರ, ಕರಿದದ್ದರಲ್ಲಿ ಕುರುಕುಲು ಜಾಸ್ತಿ, ಅಕ್ಕಿಯ ಘಮವೂ ಇರುತ್ತೆ. ರುಚಿಗೆ ಅಂಕ ಕೊಡೋದಾದರೆ ಕರಿದದ್ದಕ್ಕೇ. ಕೆಲಸ ಬೇಗ ಮುಗಿಯೋದು ಮಂಡಕ್ಕಿಯಲ್ಲಿ.

ಭಟ್ಟಿಯಿಂದ ಬಿಡಿಯಾಗಿ ತಂದ ಹೊಸ ಮಂಡಕ್ಕಿಯೇ ವಾಸಿ. ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ, ಉಪ್ಪು ಮುಂದಾಗಿದ್ದರೆ ಅದು ಒಗ್ಗರಣೆಗೆ ಇರಲಿ. 100 ಗ್ರಾಂ ಮಂಡಕ್ಕಿ ಜರಡಿ ಹಿಡಿದು ಪುಡಿ, ಮರಳು ತೆಗೆಯಿರಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿ, ಒತ್ತಿದರೆ ಪಟ್ಟನೆ ಮುರಿಯಬೇಕು. ಬಿಸಿ ಆರೋಕೆ ಬಿಡಬೇಡಿ. ಮಂಡಕ್ಕಿ ತಣ್ಣಗಿದ್ದರೆ ಪಾಕ ಕೈಯಾಡಿಸುವಷ್ಟರಲ್ಲೇ ಗಟ್ಟಿಯಾಗಿ ಅರ್ಧ ಉಂಡೆ, ಅರ್ಧ ಒಣ ಕಾಳಾಗುತ್ತೆ.

ಕೊರಿಯಾದಲ್ಲಿ ಪಾಕಕ್ಕೆ ಜೊಚಾಂಗ್ ಬಳಸುತ್ತಾರೆ. ಅಕ್ಕಿಯ ಪಿಷ್ಟವನ್ನು ಮೊಳಕೆ ಬಾರ್ಲಿ ಸಕ್ಕರೆಯಾಗಿಸಿದ ಮೇಲೆ ಕುದಿಸಿ ಇಳಿಸಿದ ಕಂದು ಸಿರಪ್ ಅದು. ಆಮದಾದ ಬಾಟಲಿ ತರಿಸಿದರೆ ಮಾಲ್ಟ್ ಪರಿಮಳ ಸಿಗುತ್ತೆ, ನಿಜ. ಆದರೆ ಮೊದಲ ಸಲಕ್ಕೇ ಅಷ್ಟು ಖರ್ಚು ಬೇಡ. ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 100 ಗ್ರಾಂ, ಸಕ್ಕರೆ 50 ಗ್ರಾಂ, ನೀರು ಒಂದು ದೊಡ್ಡ ಚಮಚ, ಎಣ್ಣೆ ಒಂದು ಸಣ್ಣ ಚಮಚ, ಶುಂಠಿ ರಸ ಅರ್ಧ ಚಮಚ ಸಾಕು. ಬರೀ ಸಕ್ಕರೆ ಪಾಕ ಮಾಡಿದರೆ ಹರಳುಗಟ್ಟಿ ಮಿಠಾಯಿ ಪುಡಿಪುಡಿಯಾಗುತ್ತೆ, ಗ್ಲೂಕೋಸ್ ಅದನ್ನು ತಡೆಯುತ್ತೆ. ಬೆಲ್ಲ ಹಾಕಿದರೂ ಚೆನ್ನಾಗಿಯೇ ಇರುತ್ತೆ, ಆದರೆ ಅದು ಮಂಡಕ್ಕಿ ಉಂಡೆ. ಚೌಕಾಕಾರ ಕತ್ತರಿಸಿದ ಮಾತ್ರಕ್ಕೆ ಗಾಂಗ್‌ಜಾಂಗ್ ಆಗಲ್ಲ.

ಪಾಕದ ಸಾಮಾನೆಲ್ಲ ಪಾತ್ರೆಗೆ ಹಾಕಿ ಒಲೆಗಿಡಿ. ಸಕ್ಕರೆ ಕರಗುವವರೆಗೆ ಸೌಟು ಹಾಕಬೇಡಿ, ಪಾತ್ರೆಯನ್ನೇ ಸ್ವಲ್ಪ ವಾಲಿಸಿ. ಕುದಿ ಬಂದು ನೊರೆ ದೊಡ್ಡದಾದಾಗ ತಣ್ಣೀರಿಗೆ ಒಂದು ಹನಿ ಬಿಡಿ. ಉಂಡೆಯಾಗಿ, ಬೆರಳಲ್ಲಿ ಒತ್ತಿದರೆ ಸ್ವಲ್ಪ ಮಾತ್ರ ಬಗ್ಗಬೇಕು. ಅದಕ್ಕಿಂತ ಮೆತ್ತಗಿದ್ದರೆ ಮಿಠಾಯಿ ಹಲ್ಲಿಗೆ ಅಂಟುತ್ತೆ. ಗಾಜಿನಂತೆ ಮುರಿದರೆ ಕತ್ತರಿಸುವಾಗ ಸೀಳುತ್ತೆ. ಹದ ಬಂದ ತಕ್ಷಣ ಉರಿ ಸಣ್ಣ ಮಾಡಿ ಮಂಡಕ್ಕಿ, ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಹಿಡಿ, ಎಳ್ಳು ಒಂದು ಚಮಚ ಹಾಕಿ ಕಲೆಸಿ. ಕಾಳಿನಿಂದ ಕಾಳಿಗೆ ಎಳೆ ಬರೋಕೆ ಶುರುವಾದರೆ ಇಳಿಸಿ. ಎಣ್ಣೆ ಸವರಿದ ತಟ್ಟೆಗೆ ಹಾಕಿ ಮೇಲೆ ಬಟರ್ ಪೇಪರ್ ಇಟ್ಟು ಲಟ್ಟಣಿಗೆಯಲ್ಲಿ ಸಮ ಮಾಡಿ. ಜೋರಾಗಿ ಒತ್ತಿದರೆ ಮಂಡಕ್ಕಿ ಚಪ್ಪಟೆಯಾಗುತ್ತೆ. ಕೈಗೆ ಬೆಚ್ಚಗಿರುವಾಗಲೇ ಕತ್ತರಿಸಿ. ಪೂರ್ತಿ ಆರಿದರೆ ಚಾಕು ಇಟ್ಟ ಕಡೆ ಬಿಟ್ಟು ಬೇರೆ ಕಡೆ ಒಡೆಯುತ್ತೆ.

ಕರಿಯುವ ದಾರಿ ಹಿಡಿದರೆ ಅನ್ನ ಉದುರುದುರಾಗಿರಬೇಕು. ತಣ್ಣೀರಲ್ಲಿ ಎರಡು ಮೂರು ಸಲ ತೊಳೆದು ಪಿಷ್ಟ ತೆಗೆದು, ಬಟ್ಟೆ ಮೇಲೆ ಹರಡಿ ಒಣಗಿಸಿ. ಅರ್ಧ ಒಣಗಿದಾಗ ಅಂಟಿದ ಕಾಳುಗಳನ್ನು ಕೈಯಲ್ಲಿ ಬಿಡಿಸಿ. ದಾವಣಗೆರೆಯ ಬೇಸಿಗೆ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು, ಮಳೆಗಾಲದಲ್ಲಿ ಫ್ಯಾನೇ ಗತಿ. ಸ್ಟೀಲ್ ಜಾಲರಿಯಲ್ಲಿ ಒಂದೊಂದೇ ಚಮಚ ಹಾಕಿ 200 ಡಿಗ್ರಿ ಆಸುಪಾಸಿನ ಎಣ್ಣೆಗೆ ಇಳಿಸಿದರೆ ಕೆಲವೇ ಸೆಕೆಂಡಿಗೆ ಅರಳುತ್ತೆ. ಎಣ್ಣೆ ಕಾಯದಿದ್ದರೆ ಕಾಳು ಅರಳದೆ ಎಣ್ಣೆ ಹೀರಿ ಕಲ್ಲಾಗಿ ಉಳಿಯುತ್ತೆ. ಒಳಗೆ ಹಸಿಯಿದ್ದರೆ ಸಿಡಿಯುತ್ತೆ. ಕಾಗದದ ಮೇಲೆ ಎಣ್ಣೆ ಚೆನ್ನಾಗಿ ಇಳಿಸದೆ ಪಾಕಕ್ಕೆ ಹಾಕಬೇಡಿ, ಪಾಕ ಹಿಡಿಯಲ್ಲ.

ಯಾವುದೇ ಮಾಡಿದರೂ ಗಾಳಿಯಾಡದ ಡಬ್ಬಿಯಲ್ಲಿಡಿ. ಕರಿದದ್ದನ್ನು ಮೊದಲು ಖಾಲಿ ಮಾಡಿ, ದಿನ ಕಳೆದಂತೆ ಎಣ್ಣೆ ಕಮಟು ವಾಸನೆ ಬರುತ್ತೆ.