ಡೋರ್ ಸಪ್ಪಳಕ್ಕೆ ಫೋಮ್ ಹೊಡೆಸಬೇಡಿ

ಕಾರಿನ ಡೋರ್ ಖಡಖಡ ಅಂತಿದೆ ಎಂದು ತೋರಿಸಿದರೆ, ಎಲ್ಲಿಂದ ಬರ್ತಿದೆ ಅಂತ ಹುಡುಕದೆ ಒಳಗೆ ಪಿಯು ಫೋಮ್ (ಹೊಡೆದ ಮೇಲೆ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ನೊರೆ) ಹೊಡೆದೋ ಸ್ಪಂಜ್ ತುರುಕಿಯೋ ಕಳಿಸುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಹಾಗೆ ಮಾಡಿಸಿದ ಒಂದು ಕಾರಿಗೆ ಏನಾಯಿತು ನೋಡಿ.

ನವಲಗುಂದ ಕಡೆ ಓಡಾಡುವ ಹ್ಯಾಚ್‌ಬ್ಯಾಕ್. ಎಡಗಡೆ ಮುಂದಿನ ಡೋರಿನಲ್ಲಿ ಸಪ್ಪಳ. ಬೇಸಿಗೆಯಲ್ಲಿ ಒಂದು ಅಂಗಡಿಯವರು ಡೋರ್ ಪ್ಯಾಡ್ (ಡೋರಿನ ಒಳಗಡೆಯ ಹೊದಿಕೆ) ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದು ಹಾಕಿ, ಫೋಮ್ ತುಂಬಿ ಕೊಟ್ಟರು. ಸಪ್ಪಳ ನಿಂತಿತು, ಮಾಲೀಕರಿಗೆ ಸಮಾಧಾನವೂ ಆಯಿತು. ಮುಂಗಾರು ಹಿಡಿದ ಮೇಲೆ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ವಾಸನೆ ಬಂತು. ಗ್ಲಾಸ್ ಅರ್ಧಕ್ಕೆ ಬಂದು ಏದುಸಿರು ಬಿಡತೊಡಗಿತು, ಕೊನೆಗೆ ಪವರ್ ವಿಂಡೋ ಮೋಟಾರ್ ಸುಟ್ಟಿತು. ಬಿಚ್ಚಿ ನೋಡಿದರೆ ಹಳದಿ ಫೋಮ್ ಗಟ್ಟಿಯಾಗಿ ಗ್ಲಾಸ್ ಏರಿಸಿ ಇಳಿಸುವ ಮಷೀನಿನ ಕೇಬಲ್‌ಗೆ ಅಂಟಿಕೊಂಡಿತ್ತು. ಡೋರಿನ ತಳದ ತೂತಿಗೆ ತಂತಿ ಚುಚ್ಚಿದಾಗ ಎರೆಮಣ್ಣು ಕಲೆತ ಕಂದು ನೀರು ಸುರಿಯಿತು, ತಳದ ಮಡಿಕೆಯಲ್ಲಿ ಜಂಗು ಹಿಡಿದಿತ್ತು. ಸಪ್ಪಳಕ್ಕೆ ನಿಜವಾದ ಕಾರಣ ಹಿಡಿಕೆಯಿಂದ ಲಾಕ್‌ಗೆ ಹೋಗುವ ಸರಳಿನ ಒಂದು ಪ್ಲಾಸ್ಟಿಕ್ ಕ್ಲಿಪ್. ಅದು ಮುರಿದು, ಸರಳು ತಗಡಿಗೆ ಬಡಿಯುತ್ತಿತ್ತು, ಅಷ್ಟೇ.

ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ: ಮಳೆನೀರು ಡೋರಿನೊಳಗೆ ಹೋಗಿಯೇ ಹೋಗುತ್ತದೆ. ಗ್ಲಾಸಿನ ಹೊರಗಿನ ರಬ್ಬರ್ ಪಟ್ಟಿ ಎಲ್ಲಾ ನೀರನ್ನು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಒಳಗಿಳಿದ ನೀರು ತಳದ ತೂತುಗಳಿಂದ ಹೊರಗೆ ಹೋಗುವಂತೆ ಡೋರ್ ಮಾಡಿರುತ್ತಾರೆ. ಪ್ಯಾಡ್ ಹಿಂದಿನ ಹಾಳೆಯ ಕೆಲಸ ಆ ನೀರು ಕಾರಿನೊಳಗೆ ಬಾರದಂತೆ ಕಾಯುವುದು. ಹಾಳೆ ಹರಿದು ತೂತೂ ಮುಚ್ಚಿದರೆ ನೀರಿಗೆ ಕಾರ್ಪೆಟ್ ಒಂದೇ ದಾರಿ. ಸ್ಪಂಜ್ ತುರುಕಿದರೂ ಇದೇ ಗತಿ, ಅದು ನೀರು ಹೀರಿಕೊಂಡು ದಿನಗಟ್ಟಲೆ ತಗಡಿಗೆ ಅಂಟಿ ಕೂರುತ್ತದೆ. ಫೋಮ್ ಅಂತೂ ಹೊಡೆದ ಮೇಲೆ ಉಬ್ಬುತ್ತದೆ. ತೆಗೆಯಬೇಕಾದರೆ ಚೂರುಚೂರಾಗಿ ಕೆರೆಯಬೇಕು. ಚಾವಣಿ ಸೋರಿಕೆಗೆ ಹಾಕುವ ಡಾಂಬರ್ ಶೀಟನ್ನೂ ಡೋರಿಗೆ ಹಚ್ಚಿಸಬೇಡಿ. ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಬರುತ್ತದೆ.

ಸಪ್ಪಳ ಹುಡುಕುವುದಕ್ಕೆ ಮೊದಲು ಡೋರಿನ ಜೇಬು ಪೂರ್ತಿ ಖಾಲಿ ಮಾಡಿ. ಸೀಟ್ ಬೆಲ್ಟಿನ ಬಕಲ್ ಪಕ್ಕದ ಕಂಬಕ್ಕೆ (ಮುಂದಿನ, ಹಿಂದಿನ ಡೋರುಗಳ ನಡುವಿನದು) ಬಡಿಯುತ್ತಿದೆಯೇ ನೋಡಿ, ಅದನ್ನು ಡೋರ್ ಸಪ್ಪಳ ಅಂತಲೇ ತಿಳಿಯುವವರು ಬಹಳ. ಆಮೇಲೆ ಕಾರು ನಿಲ್ಲಿಸಿ, ಡೋರ್ ಹಾಕಿ, ಮುಷ್ಟಿಯ ಮೆತ್ತನೆ ಭಾಗದಿಂದ ಹೊರಗಿನಿಂದ ಗುದ್ದಿ. ಗ್ಲಾಸ್ ಪೂರ್ತಿ ಮೇಲಿದ್ದಾಗ ಒಮ್ಮೆ, ಅರ್ಧ ಇಳಿಸಿ ಒಮ್ಮೆ, ಪೂರ್ತಿ ಇಳಿಸಿ ಒಮ್ಮೆ. ಅರ್ಧ ಇಳಿದಾಗ ಮಾತ್ರ ಸಪ್ಪಳ ಬಂದರೆ ಗ್ಲಾಸ್ ಜಾರುವ ಚಾನಲ್ ರಬ್ಬರ್ ಸವೆದಿರುತ್ತದೆ, ಇಲ್ಲವೇ ಗ್ಲಾಸ್ ಹಿಡಿದಿರುವ ಬೋಲ್ಟ್ ಸಡಿಲ ಇರುತ್ತದೆ. ಮೂರೂ ಸಲ ಒಂದೇ ಥರ ಬಂದರೆ ಪ್ಯಾಡ್ ಕ್ಲಿಪ್, ಸ್ಪೀಕರ್ ಸ್ಕ್ರೂ, ವೈರಿಂಗ್ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಅಥವಾ ಲಾಕ್ ಸರಳು. ತಗ್ಗು ಬಿದ್ದ ರಸ್ತೆಯಲ್ಲಿ ಒಬ್ಬರು 20-30 ಕಿ.ಮೀ. ವೇಗದಲ್ಲಿ ಓಡಿಸಲಿ, ಇನ್ನೊಬ್ಬರು ಪಕ್ಕ ಕೂತು ಅಂಗೈಯಿಂದ ಪ್ಯಾಡಿನ ಒಂದೊಂದು ಜಾಗ ಒತ್ತಲಿ. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಅಲ್ಲಿಂದ ಶುರು ಮಾಡಿ.

ಡೋರ್ ತೆರೆದು ತುದಿ ಹಿಡಿದು ಮೇಲೆತ್ತಿ. ಅಲುಗಾಡಿದರೆ ಹಿಂಜ್ ಸವೆದಿದೆ. ಡೋರ್ ಹಾಕಿ ಹಿಡಿಕೆ ಹತ್ತಿರ ಹೊರಗಿನಿಂದ ಒತ್ತಿದಾಗ ಒಳಸರಿದರೆ, ಕಂಬದ ಮೇಲಿನ ಲಾಕ್ ಕೊಂಡಿಯನ್ನು ಸರಿಪಡಿಸಬೇಕು. ಸಡಿಲಿಸುವ ಮೊದಲು ಅದರ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಒಂದು ಸಲಕ್ಕೆ 1 ಮಿ.ಮೀ. ಮಾತ್ರ ಒಳಗೆ ಸರಿಸಿ, ಬಿಗಿ ಮಾಡಿ, ಡೋರ್ ಹಾಕಿ ನೋಡಿ.

ಪ್ಯಾಡ್ ಬಿಚ್ಚಲೇಬೇಕಾದರೆ, ಮೊದಲು ಒಳಹಿಡಿಕೆಯ ಹಿಂದೆ ಮತ್ತು ಕೈ ಹಾಕಿ ಎಳೆಯುವ ಜಾಗದ ಮುಚ್ಚಳದಡಿ ಅಡಗಿರುವ ಸ್ಕ್ರೂ ತೆಗೆಯಬೇಕು. ಆಮೇಲೆ ಕೆಳಗಿನ ಅಂಚಿನಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪೇಂಟ್ ಹೋಗುತ್ತದೆ. ಒಂದೆರಡು ಕ್ಲಿಪ್ ಮುರಿಯುವುದು ಮಾಮೂಲು, ನಿಮ್ಮ ಮಾಡೆಲ್ಲಿನದೇ ನಾಲ್ಕಾರು ಮೊದಲೇ ತಂದಿಟ್ಟುಕೊಳ್ಳಿ. ಮುರಿದ ಕ್ಲಿಪ್ ಬಿಟ್ಟು ಹಾಗೇ ಕೂರಿಸಿದರೆ ಹೊಸ ಸಪ್ಪಳ ಅಲ್ಲಿಂದಲೇ ಹುಟ್ಟುತ್ತದೆ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಡೋರಿನೊಳಗೇ ಇರುತ್ತದೆ. ಅಂಥ ಕಾರಾದರೆ ಈ ಕೆಲಸ ಕಂಪನಿ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ.

ಹಾಳೆಯನ್ನು ಎಳೆದು ಹರಿಯಬೇಡಿ. ಅಂಚಿನ ಕಪ್ಪು ಅಂಟನ್ನು ಬ್ಲೇಡಿನಿಂದ ನಿಧಾನ ಬಿಡಿಸಿದರೆ ಅದೇ ಹಾಳೆ ಮತ್ತೆ ಕೂರುತ್ತದೆ. ಹರಿದೇ ಹೋಗಿದ್ದರೆ ದಪ್ಪ ಪಾಲಿಥಿನ್ ಕತ್ತರಿಸಿ ಬ್ಯೂಟೈಲ್ ಟೇಪಿನಿಂದ (ಅಂಟಂಟಾದ ರಬ್ಬರ್ ಪಟ್ಟಿ) ಅಂಟಿಸಿ. ಮೊದಲಿನ ಹಾಳೆಯ ಕೆಳತುದಿ ಡೋರಿನ ಒಳಮೈಗೆ ಹೋಗಿದ್ದರೆ ಇದನ್ನೂ ಹಾಗೇ ತೂರಿಸಬೇಕು, ಆಗ ಹಾಳೆ ಮೇಲೆ ಇಳಿದ ನೀರು ಮತ್ತೆ ಡೋರಿನೊಳಗೇ ಬೀಳುತ್ತದೆ.

ಲಾಕ್ ಸರಳಿಗೆ ಹೊಸ ಕ್ಲಿಪ್ ಹಾಕಿ, ತಗಡು ತಾಗುವ ಕಡೆ ವೈರಿಂಗಿಗೆ ಸುತ್ತುವ ಬಟ್ಟೆ ಟೇಪ್ ಒಂದೆರಡು ಸುತ್ತು ಸುತ್ತಿದರೆ ಸಾಕು. ಜಾಸ್ತಿ ಸುತ್ತಿದರೆ ಸರಳು ಸಿಕ್ಕಿಕೊಂಡು ಡೋರೇ ತೆರೆಯುವುದಿಲ್ಲ. ಗ್ಲಾಸಿನ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ಮಿ.ಮೀ. ಪಾನಾ ಸಾಕು. ವಿಪರೀತ ಬಿಗಿದರೆ ಗ್ಲಾಸ್ ಒಡೆಯಬಹುದು. ಚಾನಲ್ ರಬ್ಬರನ್ನು ಒದ್ದೆ ಅರಿವೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್ ಬೇಡ. ನಮ್ಮ ಎರೆಭೂಮಿಯ ಧೂಳು ಅದಕ್ಕೆ ಅಂಟಿ ಗ್ಲಾಸನ್ನು ಗೀರುತ್ತದೆ.

ಡ್ಯಾಂಪಿಂಗ್ ಶೀಟ್ (ತಗಡಿನ ಕಂಪನ ತಗ್ಗಿಸಲು ಅಂಟಿಸುವ ಹಾಳೆ) ಹಾಕಿಸಿ ಅನ್ನುವವರೂ ಸಿಗುತ್ತಾರೆ. ಅಲ್ಯುಮಿನಿಯಂ ಹೊದಿಕೆಯ ಬ್ಯೂಟೈಲ್ ಶೀಟ್ ಒಳ್ಳೆಯದೇ, ಆದರೆ ಅದು ಹೊರತಗಡಿನ ಗುಂಯ್ ಸದ್ದಿಗೆ. ಸಡಿಲಾದ ಬೋಲ್ಟಿಗೂ ಮುರಿದ ಕ್ಲಿಪ್ಪಿಗೂ ಅದರಿಂದ ಏನೂ ಆಗದು.

ಗ್ಯಾರೇಜಿನಲ್ಲಿ ಕಾರು ಬಿಡುವ ಮುಂಚೆ ಕೇಳಿ: ಸಪ್ಪಳ ಯಾವ ಭಾಗದ್ದು, ಏನು ಬದಲಿಸುತ್ತೀರಿ, ಹಳೆ ಭಾಗ ತೋರಿಸುತ್ತೀರಾ? "ಪ್ಯಾಕ್ ಮಾಡಿ ಕೊಡ್ತೀವ್ರಿ" ಅಂದರೆ ಗಾಡಿ ತಿರುಗಿಸಿ. ಈಗಾಗಲೇ ಕೆಲಸ ಆಗಿದ್ದರೆ, ಡೋರ್ ಹಾಕಿ ಗ್ಲಾಸಿನ ಹೊರಗೆ ಎರಡು ಚೊಂಬು ನೀರು ನಿಧಾನ ಹೊಯ್ಯಿರಿ. ಸ್ವಲ್ಪ ಹೊತ್ತಿಗೆ ತಳದ ತೂತುಗಳಿಂದ ನೀರು ತೊಟ್ಟಿಕ್ಕಬೇಕು, ಕಾರ್ಪೆಟ್ ಒಣಗಿರಬೇಕು. ತೊಟ್ಟಿಕ್ಕದಿದ್ದರೆ ಮಳೆಗಾಲದವರೆಗೆ ಕಾಯದೆ ಪ್ಯಾಡ್ ಬಿಚ್ಚಿಸಿ.