ಕೋಣದ ರಕ್ತ ಟೆಸ್ಟ್ ಮಾಡ್ಸಿದ ಉಡುಪಿಯ ಲ್ಯಾಬ್: ಕೆಲ್ಸ ಒಳ್ಳೇದುಂಟು, ಫೋನ್ ಮಾತ್ರ ಎತ್ತುದಿಲ್ಲ

ನಮ್ಮ ಕಂಬಳದ ಕೋಣ ಎರಡು ದಿನ ಬೈಹುಲ್ಲು ಮುಟ್ಲಿಲ್ಲ, ಮೈ ಸುಡ್ತಿತ್ತು, ಕಿವಿ ಒಳಗೆ ನೋಡಿದ್ರೆ ಉಣುಗು ಕಡ್ಲೆ ಕಾಳಿನಷ್ಟು ದಪ್ಪ ಆಗಿ ಕೂತಿತ್ತು. ದನದ ಡಾಕ್ಟ್ರು ರಕ್ತ ತೆಗ್ದು ಈ ಲ್ಯಾಬಿಗೆ ಕೊಡಿ ಅಂದ್ರು. ಹೆಸ್ರು ಹಾಕುದಿಲ್ಲ, ಯಾಕಂದ್ರೆ ಬೈಲಿಕ್ಕೂ ಉಂಟು. ಮೂರು ಸಲ ಫೋನ್ ಮಾಡಿದ್ರೂ ಎತ್ಲಿಲ್ಲ, ಸಂಜೆಗೆ ಅಂದ ರಿಪೋರ್ಟ್ ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಜ್ವರದ ಕೋಣಕ್ಕೆ ಒಂದು ರಾತ್ರಿ ಅಂದ್ರೆ ಸಣ್ಣದಲ್ಲ ಮಾರಾಯ್ರೆ.

ಆದ್ರೆ ಅಲ್ಲಿಯ ಮೇಡಂ ಸೂಪರ್. ಮೈಕ್ರೋಸ್ಕೋಪಲ್ಲೇ ತೋರ್ಸಿದ್ರು, ಕೆಂಪು ರಕ್ತಕಣದ ಒಳಗೆ ಸಣ್ಣ ನೇರಳೆ ಚುಕ್ಕೆ, ಅದೇ ಥೈಲೇರಿಯಾ, ಉಣುಗು ಕಚ್ಚಿ ರಕ್ತಕ್ಕೆ ಸೇರುವ ರೋಗಾಣು. ಒಂದು ಲಸಿಕೆ ಹಾಕಿದ್ರೆ ಮುಗೀತಲ್ವಾ ಕೇಳ್ದೆ. ಅಷ್ಟಕ್ಕೆ ಮೇಡಂದು ಆಫ್ರಿಕಾ ಕಥೆ ಶುರು! ಅಲ್ಲಿಯ ಕೇಪ್ ಬಫೆಲೋ ಅನ್ನೋ ಕಾಡೆಮ್ಮೆ ರಕ್ತದಲ್ಲಿ ಥೈಲೇರಿಯಾ ಪಾರ್ವಾ ಅನ್ನೋ ಜಾತಿಯ ರೋಗಾಣು ಇಟ್ಕೊಂಡೇ ಆರಾಮಾಗಿ ಮೇಯ್ತದಂತೆ, ಅದೇ ಉಣುಗು ಕಚ್ಚಿ ದನಕ್ಕೆ ದಾಟಿದ್ರೆ ದನ ಸಾಯ್ತದೆ. ಕಾಡೆಮ್ಮೆಯ ಪಾರ್ವಾದಲ್ಲಿ ಆ್ಯಂಟಿಜೆನ್ (ದೇಹ ರೋಗಾಣುವನ್ನು ಗುರ್ತು ಹಿಡಿಯುವ ಅಂಶ) ವೆರೈಟಿ ಜಾಸ್ತಿ, ಹಾಗಾಗಿ ಪಾರ್ವಾಕ್ಕೆ ಅಂತ ಇರುವ ಮುಗುಗಾ ಕಾಕ್‌ಟೇಲ್ ಲಸಿಕೆಗೆ ಪಾರ್ವಾದ್ದೇ 3 ತಳಿ ಸೇರ್ಸಿದ್ರೂ ಕಾಡೆಮ್ಮೆ ಪಕ್ಕ ಮೇಯುವ ದನಕ್ಕೆ ಪೂರ್ತಿ ರಕ್ಷಣೆ ಇಲ್ಲ. ಯಕ್ಷಗಾನದ ಚೌಕಿಯಲ್ಲಿ ಹತ್ತಾರು ವೇಷ ಕೂತಿರುವಾಗ ನಮ್ಗೆ ಮೂರರದ್ದೇ ಗುರ್ತ ಇದ್ದ ಹಾಗೆ. ನಮ್ಮಲ್ಲಿ ಪಾರ್ವಾ ಇಲ್ಲ, ಇರುದು ಥೈಲೇರಿಯಾದ ಬೇರೆ ಜಾತಿ, ಆ್ಯನುಲೇಟಾ, ಓರಿಯೆಂಟಾಲಿಸ್.

ಡಾಕ್ಟ್ರು ಥೈಲೇರಿಯಾಕ್ಕೆ ಕೊಡುವ ಬುಪರ್ವಕ್ವೋನ್ ಇಂಜೆಕ್ಷನ್ ಕೊಟ್ರು, ಮೂರನೇ ದಿನ ಕೋಣ ಹುರುಳಿ ಬಾಯಿಗೆ ಹಾಕ್ತು. ನಾಲ್ಕು ಸ್ಟಾರ್, ಒಂದು ಕಟ್ ಆ ಫೋನಿಗೆ.